ಜಲ್ಲಿ ರಸ್ತೆಯಲ್ಲಿ ಲಗ್ನಪತ್ರಿಕೆ

ತಪ್ಪು ನನ್ನದಲ್ಲ, ಆ ವಿಡಿಯೊದ್ದು ಎಂದು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಕೇಳುವುದಕ್ಕೆ ಯಾರೂ ಉಳಿದಿಲ್ಲವಾದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ವಿಡಿಯೊ ತೋರಿಸಿದವನು ನಮ್ಮ ಆಫೀಸಿನ ಜ್ಞಾನೇಶ್. ಯಾವುದೋ ದೇಶ. ಅಲೆ ಅಲೆಯಾಗಿ ಎದ್ದ ದಿಣ್ಣೆಗಳ ತುಂಬ ದ್ರಾಕ್ಷಿ ತೋಟ, ನಡುವೆ ಬಿಳಿ ಜಲ್ಲಿಯ ಕಿರುದಾರಿ, ಆ ದಾರಿಯಲ್ಲಿ ನನ್ನ ವಯಸ್ಸಿನವರೇ ಆದ ಗಂಡಸರು ಸೈಕಲ್ ತುಳಿಯುತ್ತ ಹಳ್ಳಿಯಿಂದ ಹಳ್ಳಿಗೆ ಹೋಗಿ, ಪ್ರತಿ ಹಳ್ಳಿಯಲ್ಲೂ ಒಂದೊಂದು ಲೋಟ ವೈನು ಕುಡಿದು, ಏನೂ ಆಗದವರಂತೆ ಮತ್ತೆ ಸೈಕಲ್ ಹತ್ತುತ್ತಿದ್ದರು. 'ಇದಕ್ಕೆ ಗ್ರಾವೆಲ್ ಬೈಕ್ ಅಂತಾರೆ ಸಾರ್' ಎಂದ ಜ್ಞಾನೇಶ್. ನಮ್ಮಲ್ಲಿ ದ್ರಾಕ್ಷಿ ಇಲ್ಲ, ನಿಜ. ಆದರೆ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಚಾನಲ್ ಏರಿಯ (ನೀರಾವರಿ ಕಾಲುವೆಯ ದಂಡೆಯ) ಮೇಲೆ ಜಲ್ಲಿ ಇದೆ, ಪಕ್ಕದಲ್ಲಿ ಕಬ್ಬಿದೆ, ವೈನಿನ ಬದಲು ಕಬ್ಬಿನಹಾಲಿದೆ. ನನ್ನೊಳಗೆ ಐವತ್ನಾಲ್ಕು ವರ್ಷದಿಂದ ಫೈಲುಗಳ ಕೆಳಗೆ ಮಲಗಿದ್ದ ಒಬ್ಬ ಸಾಹಸಿ ಎದ್ದು ಮೈಮುರಿದ.

ಸೈಕಲ್ ಮನೆಗೆ ಬಂದ ದಿನ ನನ್ನ ಹೆಂಡತಿ ವಾಣಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಕ್ಯಾರಿಯರ್ ಇಲ್ಲ, ಬೆಲ್ ಇಲ್ಲ, ಸ್ಟ್ಯಾಂಡೂ ಇಲ್ಲ. ಪೂರ್ತಿ ಮಾಡಿ ಆದ್ಮೇಲೆ ಕಳಿಸ್ತಾರಾ?"

"ಇದು ಜಲ್ಲಿ ಮೇಲೆ ಓಡ್ಸೋ ಸೈಕಲ್ಲು ಕಣೇ."

"ನಮ್ಮ ಬೀದಿಲಿ ಹತ್ತು ವರ್ಷದಿಂದ ಎಲ್ಲಾರೂ ಅದನ್ನೇ ಮಾಡ್ತಿದಾರೆ. ಸವಳಂಗ ರಸ್ತೆ ಮುಟ್ಟೋ ತನಕ ಟಾರ್ ಎಲ್ಲಿದೆ?"

ಸಾಹಸಿಗಳಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. ನಾನು ಮೌನವಾಗಿ ಅಭ್ಯಾಸ ಶುರುಮಾಡಿದೆ. ರಾಗಿಗುಡ್ಡದ ಏರನ್ನೂ ಹತ್ತಿದೆ (ಅರ್ಧ ದಾರಿ ನಾನು ಸೈಕಲ್ ಮೇಲೆ, ಇನ್ನರ್ಧ ಸೈಕಲ್ ನನ್ನ ಮೇಲೆ).

ಇದೇ ಹೊತ್ತಿಗೆ ಮಗಳು ಲಿಖಿತಾಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಗಳು ಅಚ್ಚಾಗಿ ಬಂದವು. ಎಲ್ಲಕ್ಕಿಂತ ಮೊದಲು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟ ಪತ್ರಿಕೆ ಭದ್ರಾವತಿಯ ಸಾವಿತ್ರಮ್ಮನವರದು. ವಾಣಿಯ ಸೋದರತ್ತೆ. ತಾಯಿಯಿಲ್ಲದ ವಾಣಿಯನ್ನು ಅದೇ ಊರಿನ ಜನ್ನಾಪುರದ ತಮ್ಮ ಮನೆಯಲ್ಲಿಟ್ಟುಕೊಂಡು, ಜಡೆ ಹಾಕಿ, ಓದಿಸಿ, ಧಾರೆ ಎರೆದುಕೊಟ್ಟವರು. ಅಂಥವರು ಹನ್ನೆರಡು ವರ್ಷದಿಂದ ನಮ್ಮ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ನಮ್ಮ ಗೃಹಪ್ರವೇಶಕ್ಕೆ ನಾವು ಮನೆಗೆ ಹೋಗಿ ಕರೆಯದೆ ಫೋನಿನಲ್ಲಿ ಕರೆದೆವು ಎಂಬುದು ಕಾರಣ. "ಫೋನಲ್ಲಿ ಕರೆದೋರ ಮನೇಲಿ ಫೋನಲ್ಲೇ ಊಟ ಮಾಡ್ತೀನಿ" ಎಂದಿದ್ದರಂತೆ.

"ಶುಕ್ರವಾರ ಇಬ್ಬರೂ ಹೋಗೋಣ ರೀ" ಎಂದಳು ವಾಣಿ. "ಕುಂಕುಮ ಇಟ್ಟು, ಕಾಲಿಗೆ ಬಿದ್ದು ಕರೀತೀನಿ. ಅತ್ತೆ ಬರ್ದೆ ಇದ್ರೆ ನಂಗೆ ಈ ಮದುವೆ ಮದುವೆ ಅನ್ಸಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಬರೆದುಕೊಡುವುದೊಂದು ಬಾಕಿ. ಆದರೂ ಭಾನುವಾರ ಬೆಳಗ್ಗೆ ಐದೂವರೆಗೆ ನನ್ನ ತಲೆಯಲ್ಲಿ ಆ ಮಹತ್ತಾದ ಯೋಚನೆ ಮೂಡಿತು. ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದುಕೊಂಡು ಸ್ವತಃ ಅಳಿಯನೇ ಬಂದು ಕರೆದರೆ ಯಾವ ಅತ್ತೆಯ ಮನಸ್ಸು ಕರಗದು? ಸಂಜೆ ವಾಣಿಯ ಮುಂದೆ ನಿಂತು, 'ಅತ್ತೆ ಒಪ್ಪಿದರು' ಎಂದು ಘೋಷಿಸುವಾಗ ಯಾವ ಮುಖಭಾವ ಇರಬೇಕೆಂಬುದನ್ನೂ ಕನ್ನಡಿಯ ಮುಂದೆ ನಿರ್ಧರಿಸಿದೆ. ಪತ್ರಿಕೆಯನ್ನು ಅಂಗಿಯ ಬೆನ್ನುಜೇಬಿಗೆ ಸೇರಿಸಿ, ಕುಂಡೆಗೆ ಮೆತ್ತೆ ಹೊಲಿದ ಬಿಗಿ ಚಡ್ಡಿ, ಗಿಣಿಹಸಿರು ಅಂಗಿ, ಹೆಲ್ಮೆಟ್ ಧರಿಸಿ ಹೊರಟೆ.

ಮಲವಗೊಪ್ಪ ದಾಟಿ ಚಾನಲ್ ಏರಿ ಹತ್ತಿದ ಮೇಲಿನ ಮೊದಲ ಅರ್ಧ ಗಂಟೆಯನ್ನು ನಾನು ಸಾಯುವವರೆಗೆ ಮರೆಯಲಾರೆ. ಪಕ್ಕದಲ್ಲಿ ನೀರು, ಆಚೆಗೆ ಭತ್ತದ ಗದ್ದೆ, ಚಕ್ರದ ಕೆಳಗೆ ಜಲ್ಲಿಯ ಚರಪರ. ಆ ದ್ರಾಕ್ಷಿ ತೋಟದವರಿಗೆ ನಾನೇನೂ ಕಡಿಮೆಯಿರಲಿಲ್ಲ. ಎರಡನೆಯ ಅರ್ಧ ಗಂಟೆಯನ್ನು ನನ್ನ ಸೊಂಟ ಮರೆಯಲಾರದು. ಹಳ್ಳಿಯೊಂದರ ಬಳಿ ಜಾಲಿಮುಳ್ಳು ಹಿಂದಿನ ಚಕ್ರಕ್ಕೆ ಹೊಕ್ಕಿತು. ಸೈಕಲ್ ತಳ್ಳುತ್ತ ನಡೆದೆ. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಮೇಲಿದ್ದವರ ಹೆಸರು ಹುಲಿಯಪ್ಪ.

"ಏನ್ ಸಾರ್, ಮನೇಲಿ ಬೈಕ್ ಕೆಟ್ಟೋಯ್ತಾ, ಸೈಕಲ್ ತಳ್ತಿದೀರಿ?"

"ಇಲ್ಲ, ಪಂಚರ್. ನಾನು ಬೇಕು ಅಂತಾನೇ ಸೈಕಲ್ಲಲ್ಲಿ ಬಂದಿದ್ದು."

"ಬೇಕು ಅಂತ?" ಅವರು ನನ್ನ ಚಡ್ಡಿಯನ್ನು ಒಮ್ಮೆ ನೋಡಿ ಕರುಣೆಯಿಂದ ಮಾತು ಬದಲಿಸಿದರು. "ಹತ್ತಿ ಮಾರಾಯ್ರೇ, ಭದ್ರಾವತಿಗೇ ಹೋಗ್ತಿದೀನಿ. ಗೊಬ್ಬರ ಇದೆ, ಹಿಂದೆ ಒಂದ್ ಸ್ವಲ್ಪ ಹುಷಾರಾಗಿ ಕೂತ್ಕೊಳಿ."

ಕೊಟ್ಟಿಗೆ ಗೊಬ್ಬರದ ಮೇಲೆ ಹುಷಾರಾಗಿ ಕೂರುವುದು ಹೇಗೆಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ದಾರಿಯಲ್ಲಿ ಅವರು ಕೊಟ್ಟ ಒಂದು ಕ್ಯಾನ್ ಮಜ್ಜಿಗೆಯನ್ನು ಪೂರ್ತಿ ಕುಡಿದೆ. ಜನ್ನಾಪುರದ ತಿರುವಿನಲ್ಲಿ ಇಳಿದು, ಹೆಲ್ಮೆಟ್ ಕೈಯಲ್ಲಿ ಹಿಡಿದು, ಸೈಕಲ್ ತಳ್ಳುತ್ತ, ಏದುಸಿರು ಬಿಡುತ್ತ, ಧೂಳಿಗೆ ಕೆಂಪಾದ ಕಣ್ಣುಗಳಿಂದ ನೀರು ಸುರಿಸುತ್ತ ಸಾವಿತ್ರಮ್ಮನವರ ಗೇಟಿನ ಮುಂದೆ ನಿಂತೆ.

ಅಂಗಳದಲ್ಲಿ ಹೂ ಕೊಯ್ಯುತ್ತಿದ್ದ ಅತ್ತೆ ತಿರುಗಿ ನೋಡಿದರು. ಹನ್ನೆರಡು ವರ್ಷದ ಮುನಿಸು ಮುಖದಲ್ಲಿ ಬಿಗಿದುಕೊಂಡಿತು. ಆದರೂ ಮನೆತನಸ್ಥರು, ಬಾಗಿಲಿಗೆ ಬಂದವರನ್ನು ಕರೆಯದೆ ಇರುವವರಲ್ಲ.

"ಬನ್ನಿ, ಒಳಗೆ ಬನ್ನಿ."

"ಇಲ್ಲ ಅತ್ತೆ, ಒಳಗೆ ಬರಲ್ಲ." (ಮೈಯೆಲ್ಲ ಗೊಬ್ಬರ.)

"ಜಗಲಿ ಮೇಲಾದ್ರೂ ಕೂತ್ಕೊಳಿ."

"ಕೂರಕ್ಕಾಗಲ್ಲ." (ಕಾರಣ ಹೇಳುವಂಥದ್ದಲ್ಲ.)

ಅತ್ತೆಯ ಮುಖದ ಬಿಗಿ ಸಡಿಲವಾಯಿತು. ದನಿ ಇಳಿಯಿತು. "ನೀರು... ಒಂದ್ ಲೋಟ ನೀರು ಕೊಡ್ಲಾ?"

"ಬೇಡಿ ಅತ್ತೆ, ನೀರು ಬೇಡ." (ಮಜ್ಜಿಗೆ.) "ಅತ್ತೆ... ವಾಣಿ... ನಮ್ಮ ವಾಣಿ..." ಎಂದು ಉಸಿರೆಳೆದುಕೊಳ್ಳಲು ನಿಲ್ಲಿಸಿದೆ.

ನಮ್ಮ ಕಡೆ ಸಾವಿನ ಸುದ್ದಿ ತರುವವನು ಹೇಗೆ ಬರುತ್ತಾನೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹೊತ್ತಲ್ಲದ ಹೊತ್ತಿಗೆ ಒಬ್ಬನೇ ಬರುತ್ತಾನೆ. ಗೇಟಿನ ಹೊರಗೇ ನಿಲ್ಲುತ್ತಾನೆ. ಕೂರುವುದಿಲ್ಲ. ನೀರು ಮುಟ್ಟುವುದಿಲ್ಲ. ಇದು ನನಗೂ ಗೊತ್ತಿತ್ತು. ಆದರೆ ಸಾಹಸಿಗೆ ಗೊತ್ತಿರಲಿಲ್ಲ.

ಹೂವಿನ ಬುಟ್ಟಿ ಕೆಳಗೆ ಬಿತ್ತು. "ಅಯ್ಯೋ ನನ್ ಮಗಳೇ!" ಎಂದು ಅತ್ತೆ ನೆಲಕ್ಕೆ ಕುಸಿದರು. "ನನ್ ಹಟಕ್ಕೆ ಬೆಂಕಿ ಬೀಳ! ಹನ್ನೆರಡು ವರ್ಷ ನಿನ್ ಮುಖ ನೋಡ್ಲಿಲ್ವಲ್ಲೇ! ಒಂದ್ ಸಲ ಬಂದು ಅತ್ತೇ ಅಂದಿದ್ರೆ ಓಡಿ ಬರ್ತಿದ್ನಲ್ಲೇ!"

ಪಕ್ಕದ ಮನೆಯ ಪದ್ಮಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, ನನ್ನನ್ನು ನೋಡಿ, ಎಲ್ಲ ಅರ್ಥವಾದವರಂತೆ ಅಲ್ಲೇ ಫೋನು ಹಚ್ಚಿದರು. ಆ ಮಹಾತಾಯಿಗೆ ನಮ್ಮ ನೆಂಟರಿಷ್ಟರ ನಂಬರೆಲ್ಲ ಬಾಯಿಪಾಠ.

"ಅತ್ತೆ, ವಾಣಿ ಚೆನ್ನಾಗಿದಾಳೆ!" ಎಂದು ಕೂಗಿದೆ.

"ಎಲ್ಲಾರೂ ಮೊದಲು ಹಂಗೇ ಹೇಳೋದು!"

"ಲಿಖಿತಾ ಮದುವೆಗೆ ಕರಿಯಕ್ಕೆ ಬಂದಿದೀನಿ! ಇಲ್ಲಿದೆ ಪತ್ರಿಕೆ!" ಎಂದು ಬೆನ್ನುಜೇಬಿಗೆ ಕೈಹಾಕಿ ತೆಗೆದೆ. ಬೆವರಿನಲ್ಲಿ ನೆಂದು ಹಿಟ್ಟಾದ ಒಂದು ಹಳದಿ ಉಂಡೆ ಹೊರಬಂತು. ಅದನ್ನು ನೋಡಿ ಅತ್ತೆಯ ಅಳು ಇನ್ನೂ ಜೋರಾಯಿತು. ಫೋನು ಮಾಡಿ ಕೊಡೋಣವೆಂದರೆ, ನಾನು ತುಳಿದ ದಾರಿಯನ್ನು ದಾಖಲಿಸುತ್ತಿದ್ದ ಆ್ಯಪು ಬ್ಯಾಟರಿಯನ್ನು ಕುಡಿದು ಮುಗಿಸಿತ್ತು. ಪದ್ಮಮ್ಮನ ಫೋನಿನಿಂದ ಮಾಡಿದರೆ ವಾಣಿಯ ನಂಬರು ಬಿಜಿ.

ಏಕೆ ಬಿಜಿ ಎಂಬುದು ಆಮೇಲೆ ತಿಳಿಯಿತು. ವಾಣಿ ಮದುವೆಯ ಹಪ್ಪಳ ಒಣಹಾಕುತ್ತ ಫೋನೆತ್ತಿದ್ದಳು. ಆಯನೂರಿನ ನೆಂಟರು. "ವಾಣಿ ಹೋಗ್ಬಿಟ್ರಂತೆ, ಮಣ್ಣು ಎಷ್ಟೊತ್ತಿಗೆ?"

"ಯಾವ ವಾಣಿ?"

"ಸವಳಂಗ ರಸ್ತೆ ವಾಣಿ. ಪಾಪ, ಒಳ್ಳೆ ಹೆಂಗಸು. ಗಂಡನ್ನ ಕಟ್ಕೊಂಡು ಏಗಿದ್ದೇ ದೊಡ್ಡದು. ನೀವ್ಯಾರು ಮಾತಾಡೋದು?"

"ಏಗಿದೋಳೇ ಮಾತಾಡ್ತಿರೋದು."

ಅತ್ತೆ ನನ್ನ ಒಂದು ಮಾತನ್ನೂ ನಂಬದೆ ಪದ್ಮಮ್ಮನನ್ನು ಕರೆದುಕೊಂಡು ಆಟೋದಲ್ಲಿ ಶಿವಮೊಗ್ಗಕ್ಕೆ ಹೊರಟರು. ನನಗೆ ಜಾಗವಿರಲಿಲ್ಲ (ಜಾಗವಿತ್ತು, ಡ್ರೈವರು ಮೂಗು ಮುಚ್ಚಿಕೊಂಡ). ಪಂಚರ್ ಹಾಕಿಸಿಕೊಂಡು, ಹೆಚ್ಚಿನ ದಾರಿ ನಿಂತುಕೊಂಡೇ ತುಳಿದು ನಾನು ಮನೆ ಮುಟ್ಟಿದಾಗ ಮಧ್ಯಾಹ್ನ. ಗೇಟಿನ ಹೊರಗೆ ಚಪ್ಪಲಿಗಳ ರಾಶಿ. ಜ್ಞಾನೇಶ್ ಕೈಯಲ್ಲೊಂದು ಗುಲಾಬಿ ಹಾರ ಹಿಡಿದು ಯಾರಿಗೆ ಹಾಕುವುದೆಂದು ತಿಳಿಯದೆ ನಿಂತಿದ್ದ. ಒಳಗೆ ಸತ್ತವಳು ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು. ಒಬ್ಬರನ್ನೂ ಕರೆದಿರಲಿಲ್ಲ, ಎಲ್ಲರೂ ಬಂದಿದ್ದರು. ಮದುವೆಗೆ ಮನೆ ಮನೆ ಅಲೆದರೂ ಇಷ್ಟು ಬೇಗ ಸೇರುವ ಜನವಲ್ಲ ಅದು.

ವಾಣಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಜನವೆಲ್ಲ ಕರಗಿದ ಮೇಲೆ ಅತ್ತೆ ಸೋಫಾದಲ್ಲಿ ವಾಣಿಯ ಮಣಿಕಟ್ಟನ್ನು ಬಿಡದೆ ಹಿಡಿದು ಕೂತಿದ್ದರು. ನಾಡಿ ಇನ್ನೂ ಇದೆಯೇ ಎಂದು ನೋಡುತ್ತಿದ್ದರೋ ಏನೋ.

"ನಾನೇ ಬಂದು ಕರೀಬೇಕು ಅಂತಿದ್ದೆ ಅತ್ತೆ" ಎಂದಳು ವಾಣಿ. ಅವಳ ಕಣ್ಣು ನನ್ನ ಕಡೆ ತಿರುಗಲಿಲ್ಲ. "ಏನು ಹೇಳ್ಬೇಕು ಅಂತ ಎಷ್ಟು ದಿನದಿಂದ ಮನಸ್ಸಲ್ಲೇ ಹೇಳ್ಕೋತಿದ್ದೆ. ಎಲ್ಲಾ ಹಾಳಾಯ್ತು."

ನಾನು ಮುಂದೆ ಬಂದೆ. "ಅತ್ತೆ, ಅವತ್ತು ಫೋನಲ್ಲಿ ಕರೆದಿದ್ದು ತಪ್ಪಾಯ್ತು..."

"ಫೋನಿಗಲ್ಲ ಅಳಿಯಂದ್ರೇ ನಂಗೆ ಬೇಜಾರಾಗಿದ್ದು" ಎಂದರು ಅತ್ತೆ. "ಅವತ್ತು ಫೋನಲ್ಲಿ ನೀವು ಮಾತಾಡಿದ್ರಿ. 'ನಾವಿಬ್ಬರೂ ಕರೀತಿದೀವಿ, ಬನ್ನಿ' ಅಂದು ಇಟ್ಬಿಟ್ರಿ. ನಾನು ಸಾಕಿದ ಮಗು ಒಂದ್ ಮಾತು ಆಡ್ಲಿಲ್ಲ. ಅವಳಿಗೇ ಬೇಡವಾದೆನೇನೋ ಅನ್ಕೊಂಡೆ."

ನನಗೆ ಆ ದಿನ ನೆನಪಾಯಿತು. ವಾಣಿ ಕೈತೊಳೆದುಕೊಂಡು, 'ಒಂದ್ ನಿಮಿಷ, ನಾನು ಮಾತಾಡ್ತೀನಿ ಕೊಡಿ' ಎನ್ನುತ್ತ ಅಡುಗೆಮನೆಯಿಂದ ಬರುತ್ತಿದ್ದಳು. 'ಹೇಳಿ ಆಯ್ತು ಬಿಡು' ಎಂದು ನಾನು ಫೋನು ಇಟ್ಟಿದ್ದೆ. ಅಷ್ಟು ದಕ್ಷತೆಯಿಂದ ಮಾಡಿದ ಕೆಲಸ ಅದು.

"ಈಗ ಕರೀತೀನಿ ಅತ್ತೆ, ಕುಂಕುಮ ತರ್ತೀನಿ" ಎಂದು ವಾಣಿ ಎದ್ದಳು.

"ಇವತ್ತು ಬೇಡ ಕಣೇ. ಸಾವಿಗೆ ಅಂತ ಹೊಸಿಲು ದಾಟಿ ಬಂದಿದೀನಿ, ಮದುವೆ ಮಾತು ಬೇಡ. ಶುಕ್ರವಾರ ಮನೆಗೆ ಬಾ. ಒಬ್ಬಳೇ ಬಾ."

"ಇವರು?"

"ಅವರು ಬಂದು ಹೋಗಿದಾರಲ್ಲ."

ಶುಕ್ರವಾರ ವಾಣಿ ರೇಷ್ಮೆ ಸೀರೆ ಉಟ್ಟು ಬಸ್ಸಿನಲ್ಲಿ ಹೋದಳು. ಬೆಳಗ್ಗೆ ಹೋದವಳು ಸಂಜೆಯಾದರೂ ಬರಲಿಲ್ಲ. ನಾನು ಒಳಗೂ ಹೊರಗೂ ಓಡಾಡಿದೆ. ಹನ್ನೆರಡು ವರ್ಷದ ಮಾತು ಇಬ್ಬರಲ್ಲೂ ಇತ್ತಲ್ಲ. ಏನೇನು ಅತ್ತರೋ, ಎಷ್ಟು ನಕ್ಕರೋ, ಅದರಲ್ಲಿ ನನ್ನ ಪಾಲು ಎಷ್ಟೋ. ದೀಪ ಹಚ್ಚುವ ಹೊತ್ತಿಗೆ ಗೇಟಿನ ಸದ್ದಾಯಿತು. ಓಡಿಹೋಗಿ ಬಾಗಿಲು ತೆರೆದೆ. ವಾಣಿಯ ಕಣ್ಣು ಊದಿಕೊಂಡಿತ್ತು, ಮುಡಿಯಲ್ಲಿ ಅತ್ತೆಯ ಅಂಗಳದ ಮಲ್ಲಿಗೆ ಇತ್ತು. ಅಷ್ಟು ಹಗುರಾದ ಅವಳ ಮುಖವನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಏನಂದ್ರು? ಏನೇನು ಮಾತಾಡಿದ್ರಿ? ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?"

"ಬರ್ತಾರೆ" ಎಂದಳು ವಾಣಿ. "ಸ್ವಲ್ಪ ಜರುಗಿ. ಬಾಗಿಲಿಗೆ ಅಡ್ಡ ನಿಂತಿದೀರಿ."