ತಾಕ್ ವಂಶದ ತಾಕತ್ತು

ನನ್ನ ಹೆಂಡತಿ ತಾಕ್ ಇನ್‌ಸುಕ್‌ಳ ಬೆನ್ನಿಗೆ ಇಪ್ಪತ್ತಾರು ತಲೆಮಾರಿನ ಪೂರ್ವಜರಿದ್ದಾರೆ. ನನ್ನ ಬೆನ್ನಿಗೆ ಇರುವವರು ನಮ್ಮಪ್ಪ ಒಬ್ಬರೇ. ಅವರೂ ಗುನ್‌ಸಾನ್ ಬಂದರಿನ ಅನಾಥಾಲಯದಲ್ಲಿ ಬೆಳೆದವರು. ಹೀಗಾಗಿ ನಮ್ಮ ಮನೆಯಲ್ಲಿ ಜಗಳವೆಂದರೆ ಇಪ್ಪತ್ತೇಳು ಮಂದಿಯ ಎದುರು ಇಬ್ಬರ ಕುಸ್ತಿ.

ಮೂಲಂಗಿ ಸೂಪಿಗೆ ಉಪ್ಪು ಸಾಲದು ಎಂದರೆ ಮುಗಿಯಿತು.

"ನಮ್ಮ ವಂಶದ ಹದಿನಾಲ್ಕನೇ ತಲೆಮಾರಿನೋರು ಇದೇ ಸೂಪು ಕುಡ್ಕೊಂಡು ರಾಜನ ಹತ್ರ ಮಂತ್ರಿಯಾಗಿದ್ರು ಕಣ್ರೀ! ನಿಮ್ಮ ಕಡೆಯೋರು ಏನು ಕುಡೀತಿದ್ರೋ, ಯಾರಿಗೆ ಗೊತ್ತು?"

ಅಂಚೆ ಕಚೇರಿಯಿಂದ ನಿವೃತ್ತನಾದ ಮರುವಾರವೇ ನಾನು ಘೋರ ಪ್ರತಿಜ್ಞೆ ಮಾಡಿದೆ. ಅಪ್ಪನ ಬೇರು ಅಗೆದೇ ತೀರುತ್ತೇನೆ. ಮಂತ್ರಿಯೇನು, ಸೇನಾಪತಿಯೇ ಸಿಗಬೇಕು! (ಮೂವತ್ತು ವರ್ಷ ವಿಳಾಸವಿಲ್ಲದ ಕಾಗದಗಳಿಗೆ ಮನೆ ಹುಡುಕಿಕೊಟ್ಟವನಿಗೆ ಸ್ವಂತ ಅಪ್ಪನ ವಿಳಾಸ ಯಾವ ಮಹಾ?)

ಆ ಅನಾಥಾಲಯ ಈಗ ವೃದ್ಧಾಶ್ರಮ. ಅಲ್ಲಿನ ಮೇಲ್ವಿಚಾರಕಿ ಬೀರುವಿನಿಂದ ಯುದ್ಧಕಾಲದ ದಾಖಲೆ ಪುಸ್ತಕ ತೆಗೆದುಕೊಟ್ಟರು. ನೋಡುತ್ತೇನೆ, ನಲವತ್ತೊಂದು ಹುಡುಗರು. ಎಲ್ಲರೂ ನನ್ನಂತೆಯೇ ಬಾಂಗ್ ಮನೆತನ, ಎಲ್ಲರೂ ಮೇ ಒಂದಕ್ಕೆ ಹುಟ್ಟಿದವರು!

"ಏನಮ್ಮಾ ಇದು, ಒಂದೇ ಹೆರಿಗೇನಾ?"

"ಆಗಿನ ನಿರ್ದೇಶಕರು ಬಾಂಗ್ ಅಂತ. ಹೆತ್ತೋರು ಸಿಗದ ಮಕ್ಕಳಿಗೆಲ್ಲ ತಮ್ಮ ಹೆಸರೇ ಕೊಟ್ಬಿಟ್ರು. ಹುಟ್ಟುಹಬ್ಬಾನೂ ಒಟ್ಟಿಗೇ," ಎಂದು ಆಕೆ ನಕ್ಕರು.

ನಾನೂ ನಗುತ್ತಲೇ ಅಪ್ಪನ ಸಾಲಿಗೆ ಬಂದೆ. "ವಯಸ್ಸು ಸುಮಾರು ನಾಲ್ಕು. ಅಂಗಿಯ ಒಳಮಡಿಕೆಯಲ್ಲಿ ಹೊಲಿದ ಚೀಟಿ: ಬಾಮ್‌ಗೋಲ್ ಹಳ್ಳಿ, ತಾಕ್ ಸೊಂಗ್‌ಗ್ಯು ಎಂಬುವರ ಮಗ. ಹಳ್ಳಿಗೆ ಮೂರು ಸಲ ಬರೆದೆವು, ಉತ್ತರವಿಲ್ಲ. ಮಗು ದಿನವೂ ಗೇಟಿನ ಬಳಿ ನಿಂತು ಅಮ್ಮನಿಗೆ ಕಾಯುತ್ತದೆ."

ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. "ಯಾರಿಗೂ ಬೇಡವಾದ ಕೂಸು ನಾನು" ಎಂದುಕೊಂಡೇ ಅಪ್ಪ ಸತ್ತರು. ಬೇಡವಾದ ಕೂಸಿನ ಅಂಗಿಗೆ ಯಾರಾದರೂ ಕೂತು ಹೆಸರು ಹೊಲಿಯುತ್ತಾರೆಯೇ?

ಕಣ್ಣು ಆರಿದ ಮೇಲೆ ಇನ್ನೊಂದು ಪದ ತಲೆಗೆ ಹೊಡೆಯಿತು. ತಾಕ್!

ಬಾಮ್‌ಗೋಲ್‌ನ ಗ್ರಾಮ ಕಚೇರಿಗೆ ಓಡಿದೆ. ಹಳೆಯ ಕುಟುಂಬ ದಾಖಲೆಯಲ್ಲಿ ಅಜ್ಜನ ಹೆಸರಿತ್ತು, ಕೆಳಗೆ, "ಒಬ್ಬ ಮಗ, ಯುದ್ಧದಲ್ಲಿ ಕಾಣೆ." ಎರಡೂ ದಾಖಲೆಗಳ ನಕಲು ಹಿಡಿದು ವಿಜಯಯಾತ್ರೆ ಹೊರಟವನಂತೆ ಮನೆಗೆ ಬಂದೆ.

"ನಾನೂ ತಾಕ್ ಕಣೇ! ನಿನ್ನ ಮಂತ್ರಿಗೆ ನಾನೂ ಪಾಲುದಾರ!"

ಇನ್‌ಸುಕ್ ಕಾಗದ ಓದಿದಳು. ಗೇಟಿನ ಸಾಲಿಗೆ ಬಂದಾಗ ಅಡುಗೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. ಮರುಕ್ಷಣ ಎದೆ ಹಿಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ! ಒಂದೇ ಬಳ್ಳಿಯೋರನ್ನ ಕಟ್ಕೊಂಡ್ಬಿಟ್ನಾ?"

ಅವಳ ಅಣ್ಣ ಇನ್‌ಹ್ವಾನ್ ವಂಶಾವಳಿಯ ಸಂಪುಟಗಳನ್ನು ಹೊತ್ತು ಬಂದ. ಎರಡು ಗಂಟೆ ಬೆರಳು ಮಡಚಿ ಎಣಿಸಿದ.

"ಹೆದರ್ಬೇಡ ತಂಗಿ. ಕವಲು ಬೇರೆಯಾಗಿ ನಾನೂರು ವರ್ಷ ಆಗಿದೆ. ಒಂದೇ ವಂಶದೋರು ಮದುವೆ ಆಗ್ಬಾರ್ದು ಅನ್ನೋ ಹಳೇ ಕಾನೂನೂ ಈಗಿಲ್ಲ. ಆದ್ರೆ ಭಾವ, ನಿಮ್ಮ ಕವಲಲ್ಲಿ ಬೇಗ ಮದುವೆ, ಬೇಗ ಮಕ್ಕಳು. ನಾವು ಇಪ್ಪತ್ತೇಳನೇ ತಲೆಮಾರು, ನೀವು ಮೂವತ್ತು."

"ಅಂದ್ರೆ?"

"ಅಂದ್ರೆ ಇವಳು ನಿಮಗೆ ಮುತ್ತಜ್ಜಿ ಆಗ್ಬೇಕು."

ಆಮೇಲೆ ಇನ್‌ಸುಕ್ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಕಾಲು ಮಡಚಿ ಕೂತ್ಕೊಳ್ಳೋ, ಹಿರೀರ ಮುಂದೆ!"

ಹಿರಿಯರಿಗೆ ಎಡೆ ಇಡುವ ಚುಸೊಕ್ ಹಬ್ಬದ ದಿನ ಭಾವಮೈದುನನ ಮನೆಯಲ್ಲಿ ಅಪ್ಪನ ಹೆಸರನ್ನು ವಂಶಾವಳಿಯಲ್ಲಿ ಬರೆದು, ಅವರ ಹೆಸರಿಗೂ ಒಂದು ಬಟ್ಟಲು ಮದ್ಯ ಇಟ್ಟರು. ಕಾಯ್ದ ಮಗು ಕೊನೆಗೂ ಮನೆ ಸೇರಿತು. ಆಮೇಲೆ ನಮಸ್ಕಾರಕ್ಕೆ ಸಾಲು ನಿಲ್ಲಿಸಿದರು. ನನ್ನ ಜಾಗ ಎಲ್ಲರಿಗಿಂತ ಹಿಂದೆ. ನನ್ನ ಮುಂದೆ ಇನ್‌ಹ್ವಾನನ ಮೂರು ವರ್ಷದ ಮೊಮ್ಮಗ, ಇಪ್ಪತ್ತೊಂಬತ್ತನೇ ತಲೆಮಾರು. ಮೂಗು ಸುರಿಸುತ್ತಿದ್ದ ಆ ಮಹಾನುಭಾವರು ಸಂಬಂಧದಲ್ಲಿ ನನಗೆ ಚಿಕ್ಕಪ್ಪ.

ಪೂಜೆ ಮುಗಿಸಿ, ಸೊಂಟ ಹಿಡಿದುಕೊಂಡು ಕೂತು, "ಒಂದು ಲೋಟ ಬಾರ್ಲಿ ಟೀ ಕೊಡೇ" ಎಂದೆ.

"ಮುತ್ತಜ್ಜಿ ಕೈಲಿ ಟೀ ಮಾಡಿಸ್ತೀಯೇನೋ, ನಾಚ್ಕೆ ಆಗಲ್ವಾ?"

ಎದ್ದು ಅಡುಗೆಮನೆಗೆ ಹೋದೆ. ಒಲೆ ಹಚ್ಚುವಷ್ಟರಲ್ಲಿ ಹಜಾರದಿಂದ ಅವಳ ದನಿ ಬಂತು:

"ಹಾಗೇ ನಿನ್ನ ಚಿಕ್ಕಪ್ಪಂಗೂ ಒಂದಿಷ್ಟು ಹಾಲು ಬಿಸಿ ಮಾಡ್ಕೊಂಡು ಬಾ. ಅಳ್ತಾ ಇದಾರೆ!"