ಬಂಬದೊಳಗಿನ ಒಕ್ಕಲು

ಉಗುರಿನಷ್ಟು ಹಕ್ಕಳೆ, ಅಷ್ಟೇ. ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರು ಚಹಾ ಅಂಗಡಿ ಇಟ್ಟಿರುವ ಟಿಪ್ಪುಸಾಬನ ತಾಮ್ರದ ಬಂಬದಲ್ಲಿ ವರ್ಷಾನುಗಟ್ಟಲೆ ನೀರು ಕುದಿದು ಕುದಿದು ಒಳಗೆಲ್ಲ ಬಿಳಿಯ ಹಕ್ಕಳೆ ಕಟ್ಟಿತ್ತು. ಹೋದ ಬೇಸಿಗೆಯಲ್ಲಿ ಕೌಶಿಕನೆಂಬ ಸಂಶೋಧಕ ಧಾರವಾಡದಿಂದ ಬಂದು, ಅದರಲ್ಲಿ ಒಂದು ಚೂರು ಕೆರೆದುಕೊಳ್ಳಲೇ ಎಂದು ಕೇಳಿದ. ಪುಕ್ಕಟೆ ಬಂಬ ಸ್ವಚ್ಛವಾಗುತ್ತದೆಂದು ಟಿಪ್ಪುಸಾಬ ಅವನಿಗೆ ಚಹಾ ಕುಡಿಸಿ ಕೆರೆಸಿಕೊಂಡ. ಆಮೇಲೆ ಮರೆತೇಬಿಟ್ಟ.

ಇವತ್ತು ಬೆಳಿಗ್ಗೆ, ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ, ಕೌಶಿಕನ ಮೇಲಧಿಕಾರಿ ಶಿವಾನಿ ಬಸ್ಸಿಳಿದು ನೇರ ಅಲ್ಲಿಗೆ ಬಂದಳು.

"ಕಾಕಾ, ನಮ್ಮ ಕೌಶಿಕ ಇಲ್ಲಿಂದ ಹಕ್ಕಳಿ ಒಯ್ದಿದ್ದ. ಅದರಾಗ ಜೀವಾಣು ಸಿಕ್ಕಾವು. ಆದ್ರ ಇಲ್ಲಿ ಎರಡು ಚಾದಂಗಡಿ ಅದಾವಲ್ಲ, ಯಾವುದರಾಗಿಂದ ಒಯ್ದೆ ಅನ್ನೋದ ಅಂವಗ ನೆನಪಿಲ್ಲ. ನಿಮ್ಮದೋ, ಎದುರಿಂದೋ?"

ಟಿಪ್ಪುಸಾಬನ ಕೈಯಿಂದ ಚಹಾ ಸೋಸುವ ಅರಿವೆ ಜಾರಿ ಬಿತ್ತು. "ಜೀವಾಣು ಅಂದ್ರ ಹುಳ ಏನ್ರಿ?"

"ಕಣ್ಣಿಗೆ ಕಾಣಂಗಿಲ್ಲ. ಹಂಗ ತಿಳ್ಕೋರಿ."

"ಕುದಿಯೋ ನೀರಾಗ ಸಾಯಂಗಿಲ್ಲೇನ್ರಿ?"

"ಎಲ್ಲಿ ಸಾಯ್ತಾವ್ರಿ. ಅದ ಅವಕ್ಕ ತವರುಮನಿ. ನೀರು ಆರಿದ್ರ ತ್ರಾಸು."

ಕಾಯಿಪಲ್ಲೆ ಮಾರುವ ಮರೆವ್ವ ತುಟಿಗೆ ಹಚ್ಚಿದ್ದ ಕಪ್ಪನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ನಿವೃತ್ತರಾದ ದಿಗಂಬರ ಮಾಸ್ತರರು ಆಗಲೇ ಕುಡಿದು ಮುಗಿಸಿದ್ದರು. ಪಾಪ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಏನಾದರೂ ಹರಿದಾಡುತ್ತಿದೆಯೇ ಎಂದು ಕಣ್ಣು ಮುಚ್ಚಿ ಗಮನಿಸತೊಡಗಿದರು.

ಟಿಪ್ಪುಸಾಬ ಗಿರಾಕಿಗಳ ಮುಖ ನೋಡಿದ. ಹುಳದ ಚಹಾ ಎಂದು ಒಮ್ಮೆ ಹೆಸರು ಬಿದ್ದರೆ ಆ ಮಾತು ಸಂಜೆಯ ಬಸ್ಸು ಹತ್ತಿ ದೊಡವಾಡದ ತನಕ ಹೋಗುತ್ತದೆ, ಅಂಗಡಿ ಮುಚ್ಚುವುದೊಂದೇ ದಾರಿ. ಅವನ ಸಂಸಾರವೆಲ್ಲ ನಿಂತಿದ್ದು ಆ ಬಂಬದ ಮೇಲೆ. ಅವನ ಕಣ್ಣು ಎದುರಿನ ಅಂಗಡಿಯ ಮೇಲೆ ಬಿತ್ತು. ಅದರ ಮಾಲೀಕ ಲಕ್ಷ್ಮಣ ಬೀಗರ ಮನೆಗೆಂದು ರಾಮದುರ್ಗಕ್ಕೆ ಹೋಗಿದ್ದ, ಬಾಗಿಲು ಹಾಕಿತ್ತು.

"ಆ ಹುಡುಗ ಲಕ್ಷ್ಮಣನ ಅಂಗಡ್ಯಾಗ ಕೆರ್ಯಾಕ ಹತ್ತಿದ್ದ ಮೇಡಮ್ರ. ನಾನ ಕಣ್ಣಾರೆ ನೋಡೇನಿ."

"ಖಾತ್ರಿ ಏನ್ರಿ?"

"ಖಾತ್ರಿ."

ಶಿವಾನಿ ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಸವದತ್ತಿ ಬಸ್ಸು ಹಾರ್ನ್ ಹೊಡೆಯಿತು. "ಅಲ್ಲೊಂದು ಕೆಲಸ ಐತಿ. ಸಂಜಿಗೆ ಬಂದು ಎಲ್ಲಾ ಹೇಳತೇನಿ" ಎಂದು ಓಡಿ ಬಸ್ಸು ಹತ್ತಿದಳು.

ಗಂಡಾಂತರ ರಸ್ತೆಯ ಆಚೆ ಹೋಯಿತೆಂದು ಟಿಪ್ಪುಸಾಬ ಉಸಿರು ಬಿಡುವಷ್ಟರಲ್ಲಿ ಮಾಸ್ತರರು ಕಣ್ಣು ತೆರೆದರು. "ಅದೇನೋ ಖರೆ. ಆದ್ರ ನಿನ್ನ ಬಂಬದಾಗ ಇಲ್ಲಂತ ಹೆಂಗ ಹೇಳ್ತಿ?"

"ಹತ್ತ ಹೆಜ್ಜಿ ರಸ್ತಾ, ದಾಟಿ ಬರಾಕ ಅವಕ್ಕೇನ ಪರಮಿಟ್ ಬೇಕೇನು?" ಎಂದು ಮರೆವ್ವ ದನಿಗೂಡಿಸಿದಳು.

ಟಿಪ್ಪುಸಾಬ ಬಂಬದ ಬೆಂಕಿ ಆರಿಸಿದ. ಬಿಸಿ ನೀರು ಸುರುವುವ ಗಡಿಬಿಡಿಯಲ್ಲಿ ಮಾಸ್ತರರ ಚಪ್ಪಲಿ ತೇಲಿ ಗಟಾರಕ್ಕೆ ಹೋಯಿತು. ಅದನ್ನು ಹಿಡಿಯಲು ಓಡಿದಾಗ ಇತ್ತ ಒಲೆಯ ಮೇಲೆ ಹಾಲು ಉಕ್ಕಿತು. ಹಾಲು ಇಳಿಸಲು ಹೋಗಿ ಕೈ ಸುಟ್ಟುಕೊಂಡ. ಸುಟ್ಟ ಕೈಯಲ್ಲೇ ಹುಣಸೆಹಣ್ಣು, ಬೂದಿ ಹಾಕಿ ಮಧ್ಯಾಹ್ನದವರೆಗೆ ತಿಕ್ಕಿದ. ಹಕ್ಕಳೆಯ ಕೊನೆಯ ಚೂರೂ ಹೋಗಿ ಬಂಬ ಮದುಮಗನ ಹಾಗೆ ಹೊಳೆಯಿತು.

"ಬರ್ರಿ, ಎಲ್ಲಾರೂ ಬಗ್ಗಿ ನೋಡ್ರಿ. ಏನರೆ ಕಂಡ್ರ ಹೇಳ್ರಿ."

ಮರೆವ್ವ ಬಗ್ಗಿ ತನ್ನ ಕುಂಕುಮ ಸರಿಮಾಡಿಕೊಂಡಳು. ಮಾಸ್ತರರು ಮೀಸೆ ನೋಡಿಕೊಂಡು, "ಇದರಾಗ ಹುಳ ಇರಾಕ ಸಾಧ್ಯನ ಇಲ್ಲ" ಎಂದು ತೀರ್ಪು ಕೊಟ್ಟರು. ಅಷ್ಟಕ್ಕೆ ಸಮಾಧಾನವಾಗದೆ ಟಿಪ್ಪುಸಾಬ ಬಂದ ಬಂದ ಕಂಡಕ್ಟರನನ್ನೆಲ್ಲ ಕರೆದು ಬಂಬ ತೋರಿಸಿದ, ಎದುರಿನ ಅಂಗಡಿಯನ್ನೂ ತೋರಿಸಿದ. ಹಾಲು ಕಡಿಮೆ ಬಿದ್ದಾಗಲೆಲ್ಲ ಎರಡು ಮಾತಾಡದೆ ಕೊಡುವ ಲಕ್ಷ್ಮಣನ ಮುಖ ನೆನಪಾಯಿತು, ಆದರೂ ಬಾಯಿ ನಿಲ್ಲಲಿಲ್ಲ.

ಸಂಜೆ ಲಕ್ಷ್ಮಣ ಬಸ್ಸಿಳಿದು ಬಾಗಿಲು ತೆರೆಯುವುದಕ್ಕೂ ಶಿವಾನಿ ಬರುವುದಕ್ಕೂ ಸರಿಹೋಯಿತು. ಜಗಳ ನೋಡಲು ಅರ್ಧ ಊರು ಅಲ್ಲಿ ನೆರೆದಿತ್ತು. ಟಿಪ್ಪುಸಾಬ ತನ್ನ ಅಂಗಡಿಯ ಕಂಬದ ಹಿಂದೆ ಅಡಗಿ ನಿಂತಿದ್ದ.

"ಯಾರೂ ಅಂಜಬ್ಯಾಡ್ರಿ" ಎಂದಳು ಶಿವಾನಿ. "ಈ ಜೀವಾಣುಕ್ಕ ನಮ್ಮ ಹೊಟ್ಟಿ ಭಾಳ ಥಂಡಿ ಜಾಗಾ. ಅಲ್ಲಿ ಬೆಳ್ಯಂಗಿಲ್ಲ, ಏನೂ ಮಾಡಂಗಿಲ್ಲ. ಇಷ್ಟ ಕಾವಿನಾಗ ಬದುಕೋ ಜೀವಾ ನಮಗ ಎಲ್ಲೂ ಸಿಕ್ಕಿದ್ದಿಲ್ಲ. ರೋಗ ಪತ್ತೆ ಮಾಡೋ ಕೆಲಸಕ್ಕ ಬರ್ತಾವು. ದೂರದೂರಿನ ವಿಜ್ಞಾನಿಗಳು ನೋಡಾಕ ಬರೋರದಾರ. ಇದಕ್ಕ ಅಂಗಡಿಯವರ ಹೆಸರ ಇಡೋಣು ಅಂತ ಮಾಡೇವಿ."

ಮೊದಲು ಚೇತರಿಸಿಕೊಂಡವಳು ಮರೆವ್ವ. "ಕುದಿಯೋ ನೀರಿಗೂ ಜಗ್ಗಂಗಿಲ್ಲಂದ್ರ ಎಷ್ಟ ಗಟ್ಟಿ ಜೀವ ಇರಬೇಕವು. ಲಕ್ಷ್ಮಣಾ, ನನ್ನ ಮೊಣಕಾಲ ನೋವಿಗೆ ಒಂದು ಕಪ್ ಹಾಕು." ಅವಳ ಹಿಂದೆ ಸಾಲು ಹತ್ತಿತು. ರಾಮದುರ್ಗದ ಬಸ್ಸಿನ ಡ್ರೈವರನೂ ಇಳಿದು ಸಾಲಿಗೆ ನಿಂತ.

"ಆ ಹುಡುಗ ನನ್ನ ಅಂಗಡಿಗೆ ಬಂದದ್ದ ನೆನಪಿಲ್ರಿ" ಎಂದ ಲಕ್ಷ್ಮಣ ಗಾಬರಿಯಿಂದ.

"ನಿನಗ ನೆನಪಿಲ್ಲಂದ್ರ ಏನಾತು, ಟಿಪ್ಪುಸಾಬ ಕಣ್ಣಾರೆ ನೋಡ್ಯಾನ" ಎಂದರು ಮಾಸ್ತರರು.

ಟಿಪ್ಪುಸಾಬನಿಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಓಡಿ ಬಂದ. "ಮೇಡಮ್ರ, ಬೆಳಿಗ್ಗೆ ಸುಳ್ಳ ಹೇಳಿದ್ನಿ. ಹಕ್ಕಳಿ ನನ್ನ ಬಂಬದ್ದು. ಅಲ್ಲಾನ ಆಣಿ, ನಂದ ಅದು."

ಶಿವಾನಿ ಹೋಗಿ ಅವನ ಬಂಬದ ಮುಚ್ಚಳ ತೆಗೆದಳು. ಚಾಕು ಹಾಕಿ ಕೆರೆಯಲು ಒಳಗೆ ಸಾಸಿವೆಯಷ್ಟೂ ಹಕ್ಕಳೆ ಇರಲಿಲ್ಲ. ಮಾಸ್ತರರಿಗೆ ನಿಜವಾಗಿಯೂ ಸಿಟ್ಟು ಬಂತು. "ಮುಂಜಾನಿಂದ ಊರಿಗೆಲ್ಲ ಕರೆದು ಏನೂ ಇಲ್ಲಂತ ತೋರಿಸಿದಿ. ಈಗ ಹೆಸರ ಬರತೈತಿ ಅಂದ ಕೂಡ್ಲೇ ನಿಂದಾತೇನು? ಲಕ್ಷ್ಮಣನ ಹೊಟ್ಟಿ ಮ್ಯಾಲ ಯಾಕ ಹೊಡೀತಿ?"

"ಇರಲಿ ಬಿಡ್ರಿ, ಯಾರಿಗರೆ ಆಸೆ ಆಗೋದ" ಎಂದು ಶಿವಾನಿ ಟಿಪ್ಪುಸಾಬನನ್ನು ಕನಿಕರದಿಂದ ನೋಡಿ, ಲಕ್ಷ್ಮಣನ ಹೆಸರು ಬರೆದುಕೊಂಡಳು.

ಕತ್ತಲಾಗುವ ಹೊತ್ತಿಗೆ ಲಕ್ಷ್ಮಣ ಬೆವರು ಒರೆಸಿಕೊಳ್ಳುತ್ತ ಬಂದ. ಅವನ ಕಣ್ಣು ತುಂಬಿತ್ತು. "ಕಾಕಾ, ನೀವು ನನ್ನ ಹೆಸರ ಹೇಳದಿದ್ರ ಇದೆಲ್ಲ ಎಲ್ಲಿ ಬರತಿತ್ತು. ಇನ್ನೊಂದ ಉಪಕಾರ ಮಾಡ್ರಿ. ಮಂದಿಗೆ ನೀರ ಸಾಲವಲ್ದು. ನಿಮ್ಮ ಬಂಬ ಖಾಲಿ ಕುಂತೈತಿ, ಒಂದ ವಾರ ಕೊಡ್ರಿ."

ಟಿಪ್ಪುಸಾಬ ಬಂಬದ ಹಿಡಿಕೆಗೆ ಕೈ ಹಾಕಿದ. ಒಂದು ಕಡೆ ಲಕ್ಷ್ಮಣ, ಇನ್ನೊಂದು ಕಡೆ ತಾನು, ಬಂಬ ಹೊತ್ತು ರಸ್ತೆ ದಾಟಿದರು. ಎರಡನೆಯ ಕಪ್ಪಿಗೆ ಸಾಲಿನಲ್ಲಿ ನಿಂತಿದ್ದ ಮರೆವ್ವ ಸೆರಗು ಸರಿಸಿ ದಾರಿ ಬಿಟ್ಟಳು.

"ಲಕ್ಷ್ಮಣಾ, ಸಾಬನ ಬಂಬದ ನೀರು ನಮಗ ಬ್ಯಾಡಪಾ" ಎಂದಳು. "ಅದರಾಗ ಏನೂ ಇಲ್ಲ."