ಪುಂಜಾಲಕಟ್ಟೆಯಲ್ಲಿಯೇ ಹೊರತು ಬೇರೆಲ್ಲಿಯೂ ಅಲ್ಲದೆ

ನ್ಯಾಯಾಲಯದ ಕಪಾಟಿನ ಮೂರನೇ ಅರೆಯಲ್ಲಿ ವಿರಾಜಮಾನರಾಗಿರುವ, ದಯಾನಂದ ಮತ್ತು ಶಶಿಪ್ರಭಾ ಇವರ ವಿಚ್ಛೇದನ ಹಾಗೂ ಮಗುವಿನ ಪಾಲನೆಯ ಕಡತದವರಿಗೆ,

ಮಾನ್ಯರೇ,

ತಮ್ಮ ಕೆಂಪು ಲಾಡಿಗೂ, ಮೈಮೇಲಿನ ಧೂಳಿಗೂ, ತಮ್ಮ ಬೆನ್ನ ಮೇಲೆ ಸುಖವಾಗಿ ಮಲಗಿರುವ ಇತರ ಹನ್ನೊಂದು ಕಡತಗಳಿಗೂ ಬಂಟ್ವಾಳದ ದಸ್ತಾವೇಜು ಬರಹಗಾರ ದಯಾನಂದನ, ಅಂದರೆ ತಮ್ಮ ಒಂದನೇ ಅರ್ಜಿದಾರನ, ಅನಂತ ನಮಸ್ಕಾರಗಳು. ಈ ವರ್ಷ ನಮ್ಮ ಸಂಸಾರದಲ್ಲಿ ಎಲ್ಲರೂ ಎಲ್ಲಿಂದ ಎಲ್ಲಿಗೋ ಓಡಾಡಿ ಬಸವಳಿದಿರುವಾಗ ತಾವೊಬ್ಬರೇ ಜಾಗ ಬಿಟ್ಟು ಕದಲದೆ ಇರುವುದನ್ನು ಕಂಡು ಹೊಟ್ಟೆಕಿಚ್ಚಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ನಾವು ಬೇರೆಯಾದಾಗ ಶಶಿಪ್ರಭಾ ಉಜಿರೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದರು, ನಾನು ಬಂಟ್ವಾಳದಲ್ಲಿದ್ದೆ. ಈಗ ಒಂಬತ್ತು ವರ್ಷವಾಗಿರುವ ಮಗಳು ವಿಸ್ಮಿತಾಳನ್ನು ಒಪ್ಪಿಸಿಕೊಳ್ಳಲು ನಡುದಾರಿಯ ಪುಂಜಾಲಕಟ್ಟೆಯೇ ನ್ಯಾಯವೆಂದು ಇಬ್ಬರಿಗೂ ಕಂಡಿತು. ಆ ಕರಾರನ್ನು ವಕೀಲರು ಎರಡೇ ಸಾಲಿನಲ್ಲಿ ಬರೆದಿದ್ದರು. ಇಪ್ಪತ್ತು ವರ್ಷ ಊರವರ ಪಾಲುಪಟ್ಟಿ ಬರೆದ ನನ್ನ ಕೈ ಸುಮ್ಮನಿರಬೇಕಲ್ಲ! “ತಾಯಿಯು ಮಗುವನ್ನು ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪುಂಜಾಲಕಟ್ಟೆಯ ಬಸ್ ತಂಗುದಾಣದಲ್ಲಿಯೇ ಹೊರತು ಬೇರೆಲ್ಲಿಯೂ ಅಲ್ಲದೆ, ಸಾಕ್ಷಿಯೊಬ್ಬರ ಸಮಕ್ಷಮ ತಂದೆಗೆ ಒಪ್ಪಿಸತಕ್ಕದ್ದು, ತಂದೆಯು ಭಾನುವಾರ ಸಂಜೆ ನಾಲ್ಕಕ್ಕೆ ಅಲ್ಲಿಯೇ ಹಿಂದೊಪ್ಪಿಸತಕ್ಕದ್ದು, ತಪ್ಪಿದಲ್ಲಿ ಸದರಿ ಒಪ್ಪಿಸುವಿಕೆಯು ಅಸಿಂಧುವಾಗತಕ್ಕದ್ದು” ಎಂದು ತಿದ್ದಿ ಕೊಟ್ಟವನು ನಾನೇ. ಸೂಜಿ ತೂರಿಸಲೂ ಜಾಗವಿಲ್ಲದ ವಾಕ್ಯವೆಂದು ಅಂದು ಎದೆಯುಬ್ಬಿಸಿ ನಡೆದೆ.

ಕಳೆದ ಜೂನಿನಲ್ಲಿ ಶಶಿಪ್ರಭಾರಿಗೆ ಮೂಡಬಿದಿರೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿ, ತಾಯಿ ಮಗಳು ಅಲ್ಲಿಗೆ ಮನೆ ಬದಲಿಸಿದರು. ಇನ್ನು ನಡುದಾರಿ ಸಿದ್ಧಕಟ್ಟೆ ಎಂಬುದು ಭೂಪಟ ನೋಡದವರಿಗೂ ಗೊತ್ತು. ತಮ್ಮೊಳಗಿನ ಒಂದು ಹೆಸರು ತೆಗೆದು ಇನ್ನೊಂದು ಹೆಸರು ಹಾಕಿ ಎಂದು ಇಬ್ಬರೂ ಜಂಟಿ ಅರ್ಜಿ ಕೊಟ್ಟೆವು. ಅದು ಆಗುವವರೆಗೆ ಹಳೆಯ ಕರಾರನ್ನು ಕೂದಲೆಳೆಯಷ್ಟೂ ಮೀರಬೇಡಿ, ನಾಳೆ ಎದುರಿನವರು ಅದನ್ನೇ ಹಿಡಿದುಕೊಂಡಾರು ಎಂದು ಇಬ್ಬರು ವಕೀಲರೂ ಬೇರೆ ಬೇರೆಯಾಗಿ ಹೆದರಿಸಿದರು.

ಹೀಗಾಗಿ ನಡೆಯುತ್ತಿರುವುದೇನೆಂದು ತಮ್ಮ ಅವಗಾಹನೆಗೆ ತರುತ್ತೇನೆ. ಶನಿವಾರ ಶಶಿಪ್ರಭಾ ಮಗಳೊಂದಿಗೆ ಮೂಡಬಿದಿರೆಯಲ್ಲಿ ಬಸ್ಸು ಹತ್ತಿ, ಸಿದ್ಧಕಟ್ಟೆಯನ್ನು ಕಿಟಕಿಯಲ್ಲೇ ನೋಡಿ, ನನ್ನ ಮನೆಯನ್ನೂ ದಾಟಿ, ಬಿ.ಸಿ. ರೋಡಿನಲ್ಲಿ ಇಳಿದು ಬೆಳ್ತಂಗಡಿ ಬಸ್ಸು ಹತ್ತುತ್ತಾರೆ. ಅದೇ ಬಸ್ಸನ್ನು ನಾನೂ ಹತ್ತುತ್ತೇನೆ. ಮೂವರೂ ಪುಂಜಾಲಕಟ್ಟೆಯಲ್ಲಿ ಇಳಿದು, ಮಗಳನ್ನು ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿಸಿ, ಎದುರಿನ ಕ್ಯಾಂಟೀನಿನ ಸರಸಕ್ಕನ ಸಾಕ್ಷಿ ಸಹಿ ಪಡೆದು, ಮತ್ತೆ ಮೂವರೂ ಒಂದೇ ಬಸ್ಸಿನಲ್ಲಿ ಬಂದ ದಾರಿ ಹಿಡಿಯುತ್ತೇವೆ. ಭಾನುವಾರ ಇದೇ ಸೇವೆ ಪುನಃ. “ನಿಮಗೆ ತಲೆ ಸಮ ಉಂಟಾ ಮಾರಾಯ್ರೆ? ಆ ಮಗುವನ್ನು ಬಸ್ಸಿನಲ್ಲೇ ಕೊಟ್ಟುಕೊಂಡರೆ ಎಂತ ಆಗ್ತದೆ?” ಎಂದು ಸರಸಕ್ಕ ಕೇಳಿದಾಗ ಕರಾರಿನ ವಾಕ್ಯವನ್ನು ಪೂರ್ತಿ ಓದಿ ಹೇಳಿದೆ. ಆಮೇಲೆ ಅವರು ನನ್ನೊಂದಿಗೆ ವಾದಿಸಿಲ್ಲ, ಚಹಾಕ್ಕೆ ಸಕ್ಕರೆ ಮಾತ್ರ ಕಡಿಮೆ ಹಾಕುತ್ತಾರೆ.

ತಾವಾದರೋ ಅಲ್ಲಿಂದ ಆಕ್ಷೇಪಣೆಯ ಚೀಟಿಗಳನ್ನು ಕಳಿಸುತ್ತಿದ್ದೀರಿ. ಮೂಡಬಿದಿರೆಯ ವಿಳಾಸದಲ್ಲಿ ಮನೆಹೆಸರು ಇಲ್ಲವೆಂದು ಒಮ್ಮೆ ಬಂತು. ಬೇಕರಿಯ ಮಾಳಿಗೆಯ ಬಾಡಿಗೆ ಕೋಣೆಗೆ ಯಾವ ಮನೆತನ, ಎಂತಹ ಹೆಸರು? ಕೊನೆಗೆ ವಿಸ್ಮಿತಾಳೇ “ಬನ್ನುಬೆಟ್ಟು ಮನೆ” ಎಂದು ನಾಮಕರಣ ಮಾಡಿದಳು, ತಾವು ಮರುಮಾತಿಲ್ಲದೆ ಸ್ವೀಕರಿಸಿದಿರಿ. ಮತ್ತೊಮ್ಮೆ, ಮಗುವಿನ ಖರ್ಚಿನ ಹಣ ಜಮೆಯಾಗುವ ಬ್ಯಾಂಕ್ ಶಾಖೆ ಬದಲಾದದ್ದಕ್ಕೆ ಪುರಾವೆ ಕೇಳಿದಿರಿ. ಆ ಹಣ ತಮ್ಮ ಅಪ್ಪಣೆಗೆ ಕಾಯದೆ ಒಂದನೇ ತಾರೀಕು ಫೋನಿನಲ್ಲೇ ಹೋಗಿ ಮುಟ್ಟುತ್ತದೆ. ನಾವು ಮೂವರು ಮಾತ್ರ ಬಸ್ಸಿನಲ್ಲೇ ಹೋಗಬೇಕು.

ಇಷ್ಟು ಬೈದ ಮೇಲೆ ಬಸ್ಸಿನ ವಿಷಯವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೊದಮೊದಲು ಶಶಿಪ್ರಭಾ ಮುಂದಿನ ಸೀಟಿನಲ್ಲಿ, ನಾನು ಕಟ್ಟಕಡೆಯ ಸೀಟಿನಲ್ಲಿ. ವಿಸ್ಮಿತಾ ನಡುವೆ ಓಡಾಡುತ್ತಿದ್ದಳು. “ಒಂದು ಕಡೆ ಕೂತುಕೊ ಮಾರಾಯ್ತಿ, ಬ್ರೇಕ್ ಹಾಕಿದ್ರೆ ಬೀಳ್ತಿ!” ಎಂದು ಗದರಿದ ಕಂಡಕ್ಟರ್ ನಮ್ಮಿಬ್ಬರನ್ನೂ ಎಬ್ಬಿಸಿ ಮೂವರ ಸೀಟಿನಲ್ಲಿ ಕೂರಿಸಿದ. ಆ ದಿನ ಶಶಿಪ್ರಭಾ “ಕಿಟಕಿ ಹಾಕಿ, ಮಗುವಿಗೆ ನೀರು ಬೀಳ್ತದೆ” ಎಂದರು. ಎರಡು ವರ್ಷಗಳಲ್ಲಿ ವಕೀಲರ ಮೂಲಕವಲ್ಲದೆ ಅವರು ನನಗೆ ಹೇಳಿದ ಮೊದಲ ಮಾತು ಅದು. ಈಗ ಮಗಳ ಹುಳುಕು ಹಲ್ಲಿನಿಂದ ಹಿಡಿದು ಭಾಗಾಕಾರದವರೆಗೆ ಎಲ್ಲವೂ ಆ ಸೀಟಿನಲ್ಲೇ ತೀರ್ಮಾನವಾಗುತ್ತದೆ, ಜಗಳವೂ ಮೊದಲಿನಂತಿಲ್ಲ.

ಕಳೆದ ತಿಂಗಳು ವಕೀಲರ ಗುಮಾಸ್ತ ಫೋನ್ ಮಾಡಿ, ಇಬ್ಬರೂ ಒಂದೊಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಅವರವರ ವಕೀಲರ ಮೂಲಕ ಕಳಿಸಿದರೆ ಮುಗಿಯಿತು, ಇನ್ನು ಸಿದ್ಧಕಟ್ಟೆಯೇ ಎಂದ. ಮಗಳು ಕುಣಿದಾಳೆಂದು ಬಸ್ಸಿನಲ್ಲಿ ಸುದ್ದಿ ಹೇಳಿದೆ. ಅವಳು ನಮ್ಮಿಬ್ಬರ ಮುಖ ನೋಡಿ, “ಸಿದ್ಧಕಟ್ಟೆಯಲ್ಲಿ ನೀವಿಬ್ಬರೂ ಎಷ್ಟು ಹೊತ್ತು ಒಟ್ಟಿಗೆ ಇರ್ತೀರಿ?” ಎಂದು ಕೇಳಿದಳು. ಐದು ನಿಮಿಷ ಎಂದೆ. ಅವಳು ನಮ್ಮಿಬ್ಬರ ಕೈ ಹಿಡಿದುಕೊಂಡವಳು ಪುಂಜಾಲಕಟ್ಟೆ ಬರುವವರೆಗೆ ಬಿಡಲಿಲ್ಲ. ಶಶಿಪ್ರಭಾ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆದುದರಿಂದ ಮೇಲ್ಕಂಡ ದೂರುಗಳನ್ನೆಲ್ಲ ಬೇಷರತ್ತಾಗಿ ಹಿಂಪಡೆದು ಬೇಡಿಕೊಳ್ಳುವುದೇನೆಂದರೆ, ತಾವು ಇನ್ನೂ ಒಂಬತ್ತು ವರ್ಷ, ಅಂದರೆ ಅವಳಿಗೆ ಹದಿನೆಂಟು ತುಂಬುವವರೆಗೆ, ದಯವಿಟ್ಟು ಆ ಮೂರನೇ ಅರೆಯಿಂದ ಕೆಳಗಿಳಿಯಬಾರದು. ಮೇಲೆ ಇನ್ನೂ ಹತ್ತು ಕಡತಗಳನ್ನು ಹೇರಿಸಿಕೊಳ್ಳಿ. ಮನೆಹೆಸರಿನ ಬಗ್ಗೆ ಪುನಃ ಸಂಶಯಪಡಿ. ಚೀಟಿ ಎಷ್ಟು ಬಂದರೂ ಬೇಸರವಿಲ್ಲ.

ತಮ್ಮ ನಿದ್ದೆಗೆ ಭಂಗ ಬಾರದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ದಯಾನಂದ, ದಸ್ತಾವೇಜು ಬರಹಗಾರ, ಬಂಟ್ವಾಳ

ತಾ.ಕ.: ನನ್ನ ಪ್ರಮಾಣಪತ್ರದ ಕೊನೆಯ ಪುಟಕ್ಕೆ ಸಹಿ ಹಾಕದೆ ಕಳಿಸಿದವನು ನಾನೇ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಹೀಗೆ ಮಾಡಿದ್ದು ಇದೇ ಮೊದಲು, ಮರೆತೆನೆಂದು ಯಾರೂ ನಂಬಲಾರರು. ಆದರೆ ಇಂದು ಬಂದ ತಮ್ಮ ಚೀಟಿಯಲ್ಲಿ “ಅರ್ಜಿದಾರರಿಬ್ಬರ ಸಹಿಯೂ ಇರುವುದಿಲ್ಲ” ಎಂದಿದೆ. ಶಶಿಪ್ರಭಾ ಒಂದು ರಕ್ತದ ಶೀಶೆಗೆ ಎರಡು ಕಡೆ ಹೆಸರು ಬರೆದು ಮೂರು ಸಲ ಓದಿ ನೋಡುವ ಹೆಂಗಸು. ಈ ಶನಿವಾರ ಬಸ್ಸಿನಲ್ಲಿ ನಾನಂತೂ ಏನೂ ಕೇಳುವುದಿಲ್ಲ, ತಾವೂ ಕೇಳಬೇಡಿ.